ಸೂರ್ಯನಿಗೆ ಹರಕೆ, ಚರ್ಮಕ್ಕೆ ಬಿಸಿಲು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಬರುವ ಪ್ರವಾಸಿಗರು ಹೊರಗೋಡೆಯ ಆನೆ, ಕುದುರೆಗಳ ಸಾಲುಗಳನ್ನೂ ರಾಮಾಯಣ, ಮಹಾಭಾರತದ ಕಥಾಪಟ್ಟಿಕೆಗಳನ್ನೂ ಸುತ್ತಿ, ದೊಡ್ಡ ನಂದಿಯ ಎದುರು ನಿಂತು ಚಿತ್ರ ತೆಗೆಸಿಕೊಂಡು ಹಿಂತಿರುಗುವುದೇ ಹೆಚ್ಚು. ಆ ದಕ್ಷಿಣದ ನಂದಿಮಂಟಪದ ಹಿಂಬದಿಯಲ್ಲಿ ಪುಟ್ಟದೊಂದು ಗುಡಿಯಿದೆ. ಒಳಗೆ ಸುಮಾರು ಏಳು ಅಡಿ ಎತ್ತರದ ಸೂರ್ಯ ನಿಂತಿದ್ದಾನೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜನ ಇಲ್ಲಿಗೆ ಬರುವುದೂ ಹೆಚ್ಚಿತು. ಆದರೂ ಈ ಸೂರ್ಯನ ಮುಂದೆ ನಿಲ್ಲುವವರು ಕಡಿಮೆ.

ಯಾವ ದೇವರಲ್ಲಿ ಏನನ್ನು ಬೇಡಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ವಿದ್ಯೆಗೆ ಸರಸ್ವತಿ, ವಿಘ್ನ ನಿವಾರಣೆಗೆ ಗಣಪತಿ, ಆರೋಗ್ಯಕ್ಕೆ ಸೂರ್ಯ. ಅದರಲ್ಲೂ ಚರ್ಮದ ರೋಗಕ್ಕೆ ಸೂರ್ಯನೇ ಗತಿ. ಕೃಷ್ಣ ಮತ್ತು ಜಾಂಬವತಿಯ ಮಗ ಸಾಂಬ ತಂದೆಯ ಶಾಪದಿಂದ ಕುಷ್ಠ ಹತ್ತಿಸಿಕೊಂಡು, ಚಂದ್ರಭಾಗಾ ನದಿಯ ದಡದಲ್ಲಿ ಸೂರ್ಯನನ್ನು ಪೂಜಿಸಿ ಗುಣ ಹೊಂದಿದನೆಂಬ ಕಥೆಯನ್ನು ಸಾಂಬಪುರಾಣ ಹೇಳುತ್ತದೆ. ಇಂದಿನ ಪಾಕಿಸ್ತಾನದ ಮುಲ್ತಾನಿನಲ್ಲಿದ್ದ ಸೂರ್ಯದೇಗುಲದ ಮೂಲವನ್ನು ಇದೇ ಕಥೆಗೆ ಜೋಡಿಸಲಾಗಿದೆ. ಕೊನಾರ್ಕದವರೂ ಅದನ್ನೇ ಹೇಳುತ್ತಾರೆ. ಹಳೇಬೀಡಿನ ಗುಡಿಯನ್ನು ರೋಗಿಗಳಿಗಾಗಿಯೇ ಕಟ್ಟಿದರೆನ್ನಲು ಆಧಾರವಿಲ್ಲ. ಆದರೆ ಅದನ್ನು ಕಟ್ಟಿದ ಕಾಲದ ಜನರಿಗೆ ಸೂರ್ಯನಿಗೂ ಮೈಚರ್ಮಕ್ಕೂ ಇರುವ ನಂಟು ಹೊಸದಾಗಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಾಂಬನಿಗೆ ಬಂದದ್ದು ನಿಜಕ್ಕೂ ಇಂದು ನಾವು ಕುಷ್ಠ ಎನ್ನುವ ರೋಗವೇ?

ಹಳೆಯ ವೈದ್ಯಗ್ರಂಥಗಳಲ್ಲಿ ಕುಷ್ಠ ಒಂದು ರೋಗದ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಚರಕಸಂಹಿತೆ ಹದಿನೆಂಟು ಕುಷ್ಠಗಳನ್ನು ಎಣಿಸುತ್ತದೆ: ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ. ಕ್ಷುದ್ರಕುಷ್ಠಗಳಲ್ಲಿ ‘ವಿಚರ್ಚಿಕೆ’ ಒಂದು. ತುರಿಸುವ, ಕಪ್ಪಾದ, ನೀರು ಸೋರುವ ಗುಳ್ಳೆಗಳು ಅದರ ಲಕ್ಷಣ. ಹಳ್ಳಿಯ ಜನ ಇಸುಬು ಎನ್ನುವುದೂ ವೈದ್ಯರು ಎಕ್ಸಿಮಾ ಎನ್ನುವುದೂ ಹೆಚ್ಚುಕಡಿಮೆ ಇದನ್ನೇ. ಬಿಳಿ ಮಚ್ಚೆಯ ತೊನ್ನನ್ನು ಚರಕ ‘ಶ್ವಿತ್ರ’ವೆಂದು ಬೇರೆಯಾಗಿ ಹೇಳಿದರೂ ಅದೇ ಅಧ್ಯಾಯದ ಕೊನೆಯಲ್ಲಿ ಇಟ್ಟಿದ್ದಾನೆ. ಕಾರಣಗಳ ಪಟ್ಟಿಯಲ್ಲಿ ಹಾಲು-ಮೀನು ಒಟ್ಟಿಗೆ ತಿನ್ನುವುದರ ಪಕ್ಕದಲ್ಲೇ ಗುರುಹಿರಿಯರ ನಿಂದೆಯೂ ಪಾಪಕರ್ಮವೂ ಸೇರಿವೆ.

ಕಾಲಕ್ರಮದಲ್ಲಿ ಈ ದೊಡ್ಡ ಹೆಸರು ಕುಗ್ಗಿ ಒಂದೇ ರೋಗಕ್ಕೆ ಅಂಟಿಕೊಂಡಿತು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಆ ರೋಗದ ರೋಗಾಣುವನ್ನು ಕಂಡುಹಿಡಿದ. 1898ರಲ್ಲಿ ಬ್ರಿಟಿಷ್ ಸರ್ಕಾರ ಬಡ ಕುಷ್ಠರೋಗಿಗಳನ್ನು ಹಿಡಿದು ಕೂಡಿಡಲು ಕಾನೂನನ್ನೇ ಮಾಡಿತು. ಅದು ರದ್ದಾದದ್ದು 2016ರಲ್ಲಿ. ವಿಚ್ಛೇದನಕ್ಕೆ ಕುಷ್ಠವನ್ನು ಕಾರಣವಾಗಿ ಮುಂದಿಡುವ ಅವಕಾಶ 2019ರವರೆಗೂ ಉಳಿದಿತ್ತು. ಹೆಸರು ಕುಗ್ಗಿದರೂ ಹಳೆಯ ಭಯ ಕುಗ್ಗಲಿಲ್ಲ ಎಂಬುದೇ ದುರಂತ. ಅಂಟದ ತೊನ್ನಿಗೂ ಅಂಟದ ಇಸುಬಿಗೂ ಅಂಟುರೋಗದ ಕಳಂಕ ಹತ್ತಿತು. ಮೊಣಕೈ ಮಡಿಕೆಯಲ್ಲಿ ಕಪ್ಪು ಕಲೆಯಿರುವ ಹುಡುಗಿ ತುಂಬುತೋಳಿನ ರವಿಕೆ ತೊಡುವುದು, ತುಟಿಯಂಚು ಬೆಳ್ಳಗಾದವಳಿಗೆ ಗಂಡು ಸಿಗದಿರುವುದು ಯಾವ ಊರಿನಲ್ಲಿ ಇಲ್ಲ?

ಹೊಯ್ಸಳರ ಕಾಲದ ಕಥೆಗಳಲ್ಲೂ ರೋಗ ಬರುವುದು ಹೊರಗಿನಿಂದಲೇ. ಅರಸನ ಮಗಳಿಗೆ ಹಿಡಿದಿದ್ದ ಪಿಶಾಚಿಯನ್ನು ರಾಮಾನುಜರು ಬಿಡಿಸಿದ್ದರಿಂದ ಬಿಟ್ಟಿದೇವ ವಿಷ್ಣುವರ್ಧನನಾದನೆಂಬ ಐತಿಹ್ಯ ಬೇಲೂರಿಗೆ ಹೋದವರೆಲ್ಲ ಕೇಳಿರುವಂಥದ್ದು. ಸಾವಿನ ಅಂಚಿನಲ್ಲಿದ್ದ ಬಲ್ಲಾಳ ರಾಜನನ್ನು ಚಾರುಕೀರ್ತಿ ಪಂಡಿತರು ಉಳಿಸಿದರೆಂದು ಶ್ರವಣಬೆಳಗೊಳದ ಶಾಸನ ಹೊಗಳುತ್ತದೆ. ಗುಣಪಡಿಸಿದವನಿಗೆ ಅರಸನ ಮನಸ್ಸೇ ಸಿಗುತ್ತಿದ್ದ ಕಾಲವದು.

ಜನಸಾಮಾನ್ಯರಿಗೆ ಇದ್ದದ್ದು ನಾಗರಕಲ್ಲು. ಅರಳಿಕಟ್ಟೆಯ ಕಲ್ಲಿಗೆ ಹಾಲೆರೆಯುವುದು, ಸುಬ್ರಹ್ಮಣ್ಯನಿಗೆ ಹರಕೆ ಹೊರುವುದು, ಹುತ್ತದ ಮಣ್ಣು ಹಚ್ಚುವುದು ಇಂದಿಗೂ ನಡೆದಿವೆ. ಚರ್ಮ ಕಳಚುವ ಹಾವಿಗೂ ಚರ್ಮ ಸುಲಿಯುವ ರೋಗಕ್ಕೂ ಜನ ಸಂಬಂಧ ಕಂಡಿದ್ದರೆ ಆಶ್ಚರ್ಯವಿಲ್ಲ. ಹಾಸನ-ಮಂಗಳೂರು ರೈಲುಮಾರ್ಗ 1979ರಲ್ಲಿ ತೆರೆದ ಮೇಲೆ ಅರಸೀಕೆರೆ ಜಂಕ್ಷನ್ನಿನ ಕಡೆಯವರಿಗೂ ಕುಕ್ಕೆಯ ದಾರಿ ಹತ್ತಿರವಾಯಿತು. ಚರ್ಮರೋಗ ವಾಸಿಯಾಗಲೆಂದು ಅಲ್ಲಿ ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನದ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ತಡೆಯಾಜ್ಞೆ ಬಂತು. 2017ರ ರಾಜ್ಯ ಕಾಯಿದೆ ಆ ಪದ್ಧತಿಯನ್ನು ನಿಷೇಧಿಸಿತು. ಪರ-ವಿರೋಧದ ಗದ್ದಲದಲ್ಲಿ ಒಂದು ಮಾತು ಹಿಂದೆ ಬಿತ್ತು: ಎಲೆಯ ಮೇಲೆ ಉರುಳುವಷ್ಟು ಹತಾಶೆಯನ್ನು ಒಂದು ತುರಿಕೆ ತರಬಲ್ಲದು.

ಸೂರ್ಯನ ಕಥೆಯಾದರೋ ಬೇರೆ ದಾರಿ ಹಿಡಿಯಿತು. ತೊನ್ನಿನ ಮಚ್ಚೆಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಒಡ್ಡುವುದು ಆಯುರ್ವೇದದ ಹಳೆಯ ಚಿಕಿತ್ಸೆ. ಈಜಿಪ್ಟಿನವರು ಬೇರೊಂದು ಗಿಡದ ಬೀಜದಿಂದ ಇದನ್ನೇ ಮಾಡುತ್ತಿದ್ದರು. ಎರಡರಲ್ಲೂ ಇರುವುದು ಸೋರಾಲೆನ್ ಎಂಬ ಒಂದೇ ಬಗೆಯ ದ್ರವ್ಯ. 1940ರ ದಶಕದಲ್ಲಿ ಕೈರೋದ ವೈದ್ಯ ಎಲ್ ಮೊಫ್ತಿ ಅದರ ಶುದ್ಧರೂಪವನ್ನು ತೊನ್ನಿಗೆ ಬಳಸಿದರು. 1974ರಲ್ಲಿ ಅಮೆರಿಕದ ವೈದ್ಯರು ಸೋರಾಲೆನ್ ನುಂಗಿಸಿ ನೇರಳಾತೀತ ದೀಪದ ಕೆಳಗೆ ನಿಲ್ಲಿಸುವ ಚಿಕಿತ್ಸೆಯನ್ನು ಸೋರಿಯಾಸಿಸ್‌ಗೆ ತಂದರು. ಈಗ ಗುಳಿಗೆಯೇ ಬೇಡದ, ಸುಮಾರು 311 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಬಂದಿದೆ. ತೊನ್ನು, ಸೋರಿಯಾಸಿಸ್, ಹಟಮಾರಿ ಇಸುಬು, ಮೂರಕ್ಕೂ ಅದೇ ದೀಪ.

ಮೂರು ಬೇರೆ ಬೇರೆ ರೋಗಗಳಿಗೆ ಒಂದೇ ಬೆಳಕು ಹೇಗೆ ನಾಟುತ್ತದೆ? ಮೂರರ ಹಿಂದೆಯೂ ಚರ್ಮದೊಳಗಿನ ರಕ್ಷಣಾಕೋಶಗಳ ಅತಿರೇಕವಿದೆ. ಬೆಳಕು ಅವುಗಳನ್ನು ತಣಿಸುತ್ತದೆ.

ದೇಹ ತನ್ನನ್ನೇ ತಾನು ಹೊಡೆಯಬಹುದೆಂಬುದನ್ನು ವಿಜ್ಞಾನ ಬಹುಕಾಲ ಒಪ್ಪಲಿಲ್ಲ. ರೋಗನಿರೋಧಶಾಸ್ತ್ರದ ಹಿರಿಯ, ಜರ್ಮನಿಯ ಪಾಲ್ ಎರ್ಲಿಕ್, ಅಂಥ ಆತ್ಮಘಾತಕ್ಕೆ ದೇಹ ಹೇಸುತ್ತದೆಂದು 20ನೆಯ ಶತಮಾನದ ಆರಂಭದಲ್ಲಿ ಹೇಳಿದ್ದ. ಆ ಮಾತು ಅರ್ಧ ಶತಮಾನ ಗಟ್ಟಿಯಾಗಿ ನಿಂತಿತು. 1956ರಲ್ಲಿ ಅಮೆರಿಕದ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲದ ಥೈರಾಯ್ಡ್ ಗ್ರಂಥಿಯ ಸಾರವನ್ನು ಮೊಲಕ್ಕೇ ಚುಚ್ಚಿ, ಅದರ ಗ್ರಂಥಿ ತನ್ನದೇ ರಕ್ಷಣಾಪಡೆಯಿಂದ ಹಾಳಾಗುವುದನ್ನು ತೋರಿಸಿದರು. ಅದೇ ವರ್ಷ ಲಂಡನ್ನಿನ ವೈದ್ಯರು ಥೈರಾಯ್ಡ್ ಬಾವು ಬಂದ ರೋಗಿಗಳ ರಕ್ತದಲ್ಲಿ ಅದೇ ಸಾಕ್ಷ್ಯ ಕಂಡರು. ಸ್ವಯಂನಿರೋಧಕ ರೋಗ, ಅಂದರೆ ಆಟೊಇಮ್ಯೂನ್ ರೋಗ, ಎಂಬ ಹೊಸ ವರ್ಗ ಹುಟ್ಟಿತು. ಶಾಪ, ಗ್ರಹ, ನಾಗ, ರೋಗಾಣು ಎಂದು ಹೊರಗೆ ಹುಡುಕುತ್ತಿದ್ದ ಕಾರಣ ಮನೆಯೊಳಗೇ ಇತ್ತು.

ತೊನ್ನು ಈ ವರ್ಗಕ್ಕೆ ಸೇರಿದ್ದು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ದೇಹದ ಕಾವಲುಗಾರರೇ ಕೊಲ್ಲುತ್ತಾರೆ. ಇಸುಬು ಹಾಗಲ್ಲ. ಅಲ್ಲಿ ಕಾವಲುಗಾರ ಮನೆಯವರನ್ನು ಹೊಡೆಯುವುದಿಲ್ಲ. ದೂಳು, ಪರಾಗದಂಥ ನಿರುಪದ್ರವಿ ಅತಿಥಿಯನ್ನು ಕಳ್ಳನೆಂದು ತಿಳಿದು ರಂಪ ಮಾಡುತ್ತಾನೆ. ಬೇಲಿಯೂ ದುರ್ಬಲವಾಗಿರುತ್ತದೆ: ಹೊರಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ಹಲವು ರೋಗಿಗಳಿಗೆ ದೋಷವಿರುವುದು 2006ರಲ್ಲಿ ತಿಳಿದುಬಂತು. ಆದ್ದರಿಂದ ಇಸುಬನ್ನು ನೇರವಾಗಿ ಆಟೊಇಮ್ಯೂನ್ ರೋಗ ಎನ್ನುವುದು ಸರಿಯಲ್ಲ.

ಆದರೆ ಎರಡೂ ನೆರೆಮನೆಯವು. 2021ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಒಂದು ಲಕ್ಷಕ್ಕೂ ಹೆಚ್ಚು ಇಸುಬಿನ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿತು. ಆಟೊಇಮ್ಯೂನ್ ರೋಗದ ನಂಟು ಉಳಿದವರಿಗಿಂತ ಅವರಲ್ಲಿ ಸರಿಸುಮಾರು ಎರಡರಷ್ಟು ಕಂಡಿತು. ಅಮೆರಿಕದಲ್ಲಿ ರುಕ್ಸೊಲಿಟಿನಿಬ್ ಎಂಬ ಮುಲಾಮಿಗೆ 2021ರಲ್ಲಿ ಇಸುಬಿಗೂ 2022ರಲ್ಲಿ ತೊನ್ನಿಗೂ ಅನುಮತಿ ಸಿಕ್ಕಿತು. ಹಾಗೆಂದು ಇಸುಬಿರುವ ಮಗುವಿನ ತಾಯಿ ಗಾಬರಿಪಡಬೇಕಿಲ್ಲ. ಬಹುಪಾಲು ರೋಗಿಗಳಿಗೆ ಇನ್ನೊಂದು ರೋಗ ಬರುವುದೇ ಇಲ್ಲ. ನಂಟು ಬೇರೆ, ಕಾರಣ ಬೇರೆ.

ಅರಸೀಕೆರೆಯ ಕಡೆ ಮಗುವಿನ ಒಣಮೈಗೆ ಅಜ್ಜಿಯರು ಹಚ್ಚುವ ತೆಂಗಿನೆಣ್ಣೆಗೂ ಇಲ್ಲಿ ಒಂದು ಮಾತು ಸಲ್ಲಬೇಕು. 2014ರಲ್ಲಿ ಫಿಲಿಪ್ಪೀನ್ಸ್‌ನ ವೈದ್ಯರು ಇಸುಬಿರುವ ಮಕ್ಕಳಿಗೆ ಎಂಟು ವಾರ ಶುದ್ಧ ತೆಂಗಿನೆಣ್ಣೆ ಹಚ್ಚಿ, ಅದು ಖನಿಜತೈಲಕ್ಕಿಂತ ಮೇಲೆಂದು ಕಂಡರು. ಬೇಲಿ ಕಟ್ಟುವ ಕೆಲಸಕ್ಕೆ ಕೊಬ್ಬರಿಯ ಸೀಮೆ ತೀರ ಹಿಂದುಳಿದಿಲ್ಲ.

ಬಯಲುಸೀಮೆಯ ರೈತನಿಗೆ ಮಾತ್ರ ಇನ್ನೊಂದು ಬಗೆಯ ಇಸುಬು ಕಾದಿತ್ತು. 1955ರಲ್ಲಿ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಎರಡು ದಶಕಗಳಲ್ಲಿ ಕರ್ನಾಟಕದ ಪಾಳುಹೊಲ, ರೈಲುಹಳಿ, ರಸ್ತೆಯಂಚುಗಳನ್ನೆಲ್ಲ ಆವರಿಸಿತು. ರಾಜ್ಯ ಸರ್ಕಾರ 1975ರಲ್ಲೇ ಅದನ್ನು ಉಪದ್ರವಿ ಕಳೆಯೆಂದು ಸಾರಿತು. 1980ರ ದಶಕದಲ್ಲಿ ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿಗೆ ತರಿಸಲಾಯಿತು. ಗಿಡದ ಪಾರ್ಥೆನಿನ್ ಎಂಬ ದ್ರವ್ಯಕ್ಕೆ ಒಮ್ಮೆ ಕೆರಳಿದ ದೇಹ ಮತ್ತೆ ಮರೆಯುವುದಿಲ್ಲ. ಗಾಳಿಯಲ್ಲಿ ತೇಲಿದ ಒಣಗಿಡದ ದೂಳು ತಗುಲಿದರೆ ಸಾಕು: ರೆಪ್ಪೆ, ಕತ್ತು, ಮೊಣಕೈ ಮಡಿಕೆ ಕೆಂಪಾಗಿ, ನೀರು ಸೋರಿ, ದಪ್ಪವಾಗುತ್ತದೆ. ಹಲವರಿಗೆ ವರ್ಷಗಳು ಕಳೆದಂತೆ ಬಿಸಿಲೇ ಸಹಿಸದಂತಾಗುತ್ತದೆ. ಸಾಂಬನನ್ನು ಗುಣಪಡಿಸಿದ ಸೂರ್ಯನೇ ಈ ರೋಗಿಗೆ ವೈರಿ.

ಇಂಥವರಿಗೆ ಚರ್ಮವೈದ್ಯರು ಬರೆದುಕೊಡುವ ಮಾತ್ರೆಗಳಲ್ಲಿ ಅಜಾಥಯೊಪ್ರಿನ್ ಒಂದು. ಸಂಧಿವಾತದಂಥ ಆಟೊಇಮ್ಯೂನ್ ರೋಗಗಳಿಗೂ ಬೇರೊಬ್ಬರ ಮೂತ್ರಪಿಂಡ ಜೋಡಿಸಿಕೊಂಡವರಿಗೂ ಕೊಡುವುದು ಅದನ್ನೇ. ಅದು ಕಾವಲುಪಡೆಯ ಸಂಖ್ಯೆಯನ್ನೇ ಇಳಿಸುವುದರಿಂದ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಮಳೆ ಬಿದ್ದ ವಾರದಲ್ಲೇ ಬದುವಿನ ಮೇಲೆ ಗಿಡ ಮತ್ತೆ ಚಿಗುರುತ್ತದೆ. ಹೂ ಬಿಡುವ ಮುನ್ನ, ಕೈಚೀಲ ತೊಟ್ಟು ಅದನ್ನು ಕೀಳಬೇಕು. ಆ ಕೆಲಸಕ್ಕೆ ರೋಗಿ ಹೋಗುವಂತಿಲ್ಲ.