ಐನ್‌ಮನೆ: ಕೊಡವ ಒಕ್ಕದ ಮೂಲಮನೆ

ಒಬ್ಬ ಮೂಲಪುರುಷನ ಸಂತತಿಯೇ ಒಕ್ಕ; ಅದರ ಹಿರಿಯರು ಕಟ್ಟಿದ ಮನೆ ಐನ್‌ಮನೆ. ಕೊಡಗಿನಲ್ಲಿ ಉಳಿದಿರುವ ಹಲವಕ್ಕೆ ನೂರು ವರ್ಷ ಮೀರಿದೆ. ಮರಗೆಲಸ ಐರಿ ಕುಶಲಕರ್ಮಿಗಳ ಪರಂಪರೆ. ಮೊದಲು ಹುಲ್ಲಿನ ಮಾಡು, ಆಮೇಲೆ ಹೆಂಚು.

ಜಗಲಿಯ ಕಂಬಗಳ ನಡುವಿನ ಅಗಲ ಹಲಗೆಯನ್ನು ಗಮನಿಸಿ. ಇದು ಐಮರ, ಹಿರಿಯರ ಪೀಠ. ಅವರೆದುರು ಕಿರಿಯರು ಇಲ್ಲಿ ಕೂರುವುದಿಲ್ಲ.

ಒಳಗಿನ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪವಿದೆ. ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ದೂರದೂರುಗಳ ಮಕ್ಕಳೆಲ್ಲ ಇಲ್ಲಿ ಸೇರಿ, ಕದಿರು ಕೊಯ್ಯಲು ಗದ್ದೆಗೆ ಹೊರಡುತ್ತಾರೆ. ಎಂಥ ಸಂಭ್ರಮ ಅದು!

ಕೊಡವರ ಹೆಸರಿನ ಮೊದಲಲ್ಲೇ ಒಕ್ಕದ ಹೆಸರಿರುತ್ತದೆ. ಇದನ್ನು ಹೋಲುವಂತೆ, ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಜನರ ಅನೇಕ ಕುಲನಾಮಗಳು ಪೂರ್ವಿಕರ ಮನೆಯ ಹೆಸರಿನಿಂದಲೇ ಬಂದವು.

ದಯವಿಟ್ಟು ಪಾದರಕ್ಷೆ ಹೊರಗೆ ಬಿಟ್ಟು ಒಳಬನ್ನಿ.