ಇಲಿ ಬಿಲದಿಂದ ವೈರ್ ಪೈಪಿನವರೆಗೆ: ದಂಡಿನ ಕಡೆಯ ಮನೆ ತಪಾಸಣೆ ಕಥೆ

ಈ ಸಲ ಬೆಳೆ ವಿಷಯ ಅಲ್ಲ, ಮನೆ ವಿಷಯ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಕೆ.ಆರ್. ಪುರ, ಹೊರಮಾವು, ಅವಲಹಳ್ಳಿ ಸುತ್ತ ನಮ್ಮಲ್ಲಿ ಎಷ್ಟೋ ಜನ ಉಳಿದಿರೋ ಚೂರು ಜಮೀನಲ್ಲಿ, ಸೊಪ್ಪಿನ ಮಡಿ ಪಕ್ಕದಲ್ಲೇ ನಾಲ್ಕೆಂಟು ಬಾಡಿಗೆ ಮನೆ ಕಟ್ಟಿಸಿದ್ದಾರೆ. ತಿಂಗಳಿಗೆ ಎಷ್ಟು ಬರುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಗೋಡೆ ಒಳಗೆ ಏನಿದೆ ಅಂತ ನೋಡಿದವರು ಕಡಿಮೆ. ನೂರಿಪ್ಪತ್ತು ವರ್ಷದ ಹಿಂದೆ ಇದೇ ಪೂರ್ವ ದಿಕ್ಕಿನಲ್ಲಿ, ಬೇಡ ಅಂದ್ರೂ ಒಳಗೆ ನುಗ್ಗಿ ನೋಡೋರು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆಗ ಪೇಟೆ ಮೈಸೂರು ಮಹಾರಾಜರದ್ದು. ಹಲಸೂರು, ಶಿವಾಜಿನಗರ (ಆಗ ಬ್ಲ್ಯಾಕ್‌ಪಲ್ಲಿ) ಸೇರಿದ ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಸರ್ಕಾರ ಎರಡು, ರೋಗ ಒಂದೇ. ಪ್ಲೇಗ್ ಬಿದ್ದ ಊರುಗಳಲ್ಲೆಲ್ಲ ಆ ಕಾಲದ ಕ್ರಮ ಹೀಗಿತ್ತು: ಮನೆ ಮನೆ ಹುಡುಕೋದು, ಕಾಯಿಲೆಯವರನ್ನ ಕ್ಯಾಂಪಿಗೆ ಸಾಗಿಸೋದು, ಗೋಡೆಗೆ ಸುಣ್ಣ ಬಳಿಸೋದು, ಹೆಂಚು ತೆಗೆಸಿ ಬಿಸಿಲು ಬಿಡೋದು. ಅಡುಗೆಮನೆ, ದೇವರಮನೆ ಅನ್ನದೆ ಹೊರಗಿನವರು ಬಂದ್ರೆ ಯಾರು ಸಹಿಸ್ತಾರೆ? ಪುಣೆಯಲ್ಲಿ 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದು ಕೊಂದಿದ್ದು ಈ ದಬ್ಬಾಳಿಕೆಯ ಸಿಟ್ಟಿಗೇ.

ಇನ್ನೊಂದು ವಿಚಿತ್ರ. ಹಾಗೆ ನುಗ್ಗಿದವರಿಗೂ ಏನು ಹುಡುಕಬೇಕು ಅಂತ ಸರಿಯಾಗಿ ಗೊತ್ತಿರಲಿಲ್ಲ. ಇಲಿ ಮೈಮೇಲಿನ ಚಿಗಟದಿಂದ ರೋಗ ಹರಡುತ್ತೆ ಅಂತ ಸಿಮೋಂಡ್ ಅನ್ನೋ ಫ್ರೆಂಚ್ ಡಾಕ್ಟರು ಅದೇ 1898ರಲ್ಲಿ ಹೇಳಿದ್ರೂ, ದೊಡ್ಡವರು ಒಪ್ಪೋಕೆ ಸುಮಾರು ವರ್ಷ ಹಿಡೀತು. ಕೆಟ್ಟ ಗಾಳಿ, ತೇವ, ಕೊಳಕು ಅಂತಲೇ ನಂಬಿದ್ರು. ನಮ್ಮ ಹಳ್ಳಿಯವರಿಗೆ ಚಿಗಟದ ವಿಚಾರ ಗೊತ್ತಿರಲಿಲ್ಲ, ಆದ್ರೆ ಸೂರಿಂದ ಇಲಿ ಸತ್ತು ಬಿದ್ರೆ ಊರು ಬಿಡಬೇಕು ಅನ್ನೋದು ಗೊತ್ತಿತ್ತು. ಹೊಲದಲ್ಲಿ ಗುಡ್ಲು ಹಾಕ್ಕೊಂಡು ತಿಂಗಳುಗಟ್ಟಲೆ ಇದ್ದ ಕಥೆ ನಿಮ್ಮ ಮನೆ ಅಜ್ಜಿಯರೂ ಹೇಳಿರ್ತಾರೆ.

ಇದರಿಂದ ಪಾಠ ಕಲಿತು ಮನೆಯನ್ನೇ ಬೇರೆ ಥರ ಕಟ್ಟಬೇಕು ಅಂದವರಲ್ಲಿ ದಂಡಿನ ಇಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಒಬ್ಬರು. 1910ರ ಸುಮಾರಿಗೆ ಎದ್ದ ಫ್ರೇಜರ್ ಟೌನ್ ಬಡಾವಣೆ ಅವರ ಕೈಗೆಲಸ. 1914ರಲ್ಲಿ, ಪ್ಲೇಗ್ ತಟ್ಟದ ಊರನ್ನ ಹೇಗೆ ಕಟ್ಟಬೇಕು ಅಂತ ಬೆಂಗಳೂರಿನ ಅನುಭವದ ಮೇಲೆ ಒಂದು ಪುಸ್ತಕವನ್ನೇ ಬರೆದ್ರು. ಅಲ್ಲಿನ ಸ್ಟೀಫನ್ಸ್ ರಸ್ತೆ ಅವರ ಹೆಸರಿಂದಲೇ. ಇಲಿ ಕೊರೆಯಲಾಗದ ಗಟ್ಟಿ ನೆಲ, ಮನೆ ಮನೆ ನಡುವೆ ಜಾಗ, ಒಳಗೆ ಗಾಳಿ ಬೆಳಕು: ಇದು ಅವರ ದಾರಿ. ನಾವು ರಾಗಿ ಮೂಟೆ ಇಡುವಾಗ ಗೋಡೆಯಿಂದ ಒಂದು ಗೇಣು ದೂರ, ಕೆಳಗೆ ಹಲಗೆ ಅಂತ ನೋಡ್ತೀವಲ್ಲ, ಅದೇ ಬುದ್ಧಿ. ಮಣ್ಣಿನ ಗೋಡೆ ಬುಡ, ಅಟ್ಟದ ಮೂಲೆ, ಹೆಂಚಿನ ಸಂದು, ಹೀಗೆ ಟೊಳ್ಳು ಇದ್ದ ಕಡೆಯೇ ಅಪಾಯ ಸೇರ್ಕೊಳ್ಳೋದು.

ಪ್ಲೇಗ್ ತಗ್ಗಿತು, ಕರೆಂಟು ಬಂತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. 1905ರ ಆಗಸ್ಟ್ 5ರಂದು ಪೇಟೆಯ ದೀಪ ಹತ್ತಿತು. ದಂಡಿಗೆ ಅದಾದ ಮೇಲೆ. ಆ ಕಾಲದ ಬಂಗಲೆಗಳಲ್ಲಿ ವೈರು ಗೋಡೆ ಮೇಲೇ ಓಡ್ತಿತ್ತು. ಎರಡು ಗಾಡಿ ಇರೋ ಮರದ ಪಟ್ಟಿ, ಮೇಲೊಂದು ಮುಚ್ಚಳ. ಆಮೇಲೆ ರೀಪರ್ ಪಟ್ಟಿ ಮೇಲೆ ಕ್ಲಿಪ್ ಹೊಡೆದ ವೈರಿಂಗ್ ಬಂತು. ನಮ್ಮ ಹಳೇ ಮನೆಗಳಲ್ಲೂ ಇತ್ತಲ್ಲ, ಪಿಂಗಾಣಿ ಫ್ಯೂಸ್, ದಪ್ಪ ಕರಿ ಸ್ವಿಚ್. ಅದರಲ್ಲಿ ದೋಷ ಬೇಕಾದಷ್ಟು: ರಬ್ಬರು ಒಣಗಿ ಪುಡಿ ಆಗೋದು, ಎಷ್ಟೋ ಕಡೆ ಅರ್ಥ್ ವೈರೇ ಇಲ್ಲ, ಫ್ಯೂಸ್ ಹೋದ್ರೆ ದಪ್ಪ ತಂತಿ ಸುತ್ತಿಬಿಡೋರು. ಆದ್ರೆ ಕಣ್ಣಿಗೆ ಕಾಣ್ತಿತ್ತು. ಇಲಿ ಕಡಿದಿದ್ರೆ, ಬಿಸಿಯಾಗಿ ಕಪ್ಪಾಗಿದ್ರೆ ಹೆಂಗಸರು ಮಕ್ಕಳಿಗೂ ಗೊತ್ತಾಗೋದು. ಗೋಡೆ ಕೊರೆದು ಪೈಪ್ ಹುದುಗಿಸೋದು ಶುರುವಾದ ಮೇಲೆ ಅಂದ ಹೆಚ್ಚಿತು, ನೋಟ ಹೋಯ್ತು. ನನ್ನ ಪ್ರಕಾರ ಬಾಡಿಗೆ ಮನೆಗೆ ಗೋಡೆ ಮೇಲಿನ ಪೈಪೇ ವಾಸಿ, ಯಾರು ಏನಾದ್ರೂ ಅನ್ಲಿ.

ಕಾಣದ ಜಾಗ ಏನು ಮಾಡುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2010ರ ಫೆಬ್ರವರಿ 23, ಇಂದಿರಾನಗರದ ಮಗ್ಗುಲಲ್ಲೇ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ಬೆಂಕಿ ಹತ್ತಿದ್ದು ವೈರು ಹೋಗೋ ಡಕ್ಟ್‌ನಲ್ಲಿ. ಆ ಟೊಳ್ಳೇ ಹೊಗೆಗೆ ಚಿಮಣಿ ಆಗಿ ಮೇಲಿನ ಮಹಡಿಗಳಿಗೆ ತುಂಬಿತು. ಉಸಿರುಕಟ್ಟಿ ಕೆಲವರು, ಕಿಟಕಿಯಿಂದ ಹಾರಿ ಕೆಲವರು, ಒಟ್ಟು 9 ಜನ ಸತ್ತರು. ನಮ್ಮ ಮೂರು ಮಹಡಿ ಬಾಡಿಗೆ ಮನೆಗಳಲ್ಲೂ ಮೀಟರ್ ಬೋರ್ಡು ಎಲ್ಲಿದೆ ನೋಡಿ. ಮೆಟ್ಟಿಲ ಕೆಳಗೆ, ಬೈಕು ನಿಲ್ಲಿಸೋ ಜಾಗದಲ್ಲಿ. ಇಳಿಯೋಕೆ ಇರೋದೂ ಅದೊಂದೇ ಮೆಟ್ಟಿಲು.

ಇನ್ನು ನೋಡೋ ಸಾಮಾನು. ಮೇಸ್ತ್ರಿ ಹತ್ರ ತೂಗುಗುಂಡು, ರಸಮಟ್ಟ, ನೀರು ತುಂಬಿದ ಟ್ಯೂಬು ಇದ್ದೇ ಇರುತ್ತೆ. ಗೋಡೆ ವಾಲಿದೆಯಾ, ನೆಲ ಕುಸಿದಿದೆಯಾ ಅನ್ನೋದಕ್ಕೆ ಅಷ್ಟು ಸಾಕು. ಗಾರೆ ಬಿಟ್ಟಿದೆಯಾ ಅಂತ ನೋಡೋಕೆ ಕೋಲಿನ ತುದಿಯಲ್ಲಿ ತಟ್ಟಿ, ಹಲಸಿನಹಣ್ಣು ತಟ್ಟಿದ ಹಾಗೆ. ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೀಟು ಎಳೆದು ತಾರೀಖು ಬರೆದ್ರೆ, ಮಳೆಗಾಲ ಕಳೆದ ಮೇಲೆ ಬೆಳೆದಿದೆಯಾ ಇಲ್ವಾ ತಿಳಿಯುತ್ತೆ.

ವೈರಿಗೆ ಟೆಸ್ಟರ್ ಸಾಲದು. ಅದು ಕರೆಂಟ್ ಇದೆ ಅನ್ನುತ್ತೆ, ಸೋರ್ತಿದೆ ಅನ್ನೋದಿಲ್ಲ. ಅದಕ್ಕೆ ಮೆಗ್ಗರ್ ಬೇಕು. ಅದೇನು ಹೊಸದಲ್ಲ, 1903ರಿಂದಲೂ ಆ ಹೆಸರಲ್ಲೇ ಇದೆ. ಬೋರ್‌ವೆಲ್ ಮೋಟರ್ ಕೈಕೊಟ್ಟಾಗ, ಎತ್ತೋ ಮೊದಲು ಕೇಬಲ್ಲಿಗೆ ಹಿಡಿದು ನೋಡ್ತಾರಲ್ಲ, ಅದೇ. ಮೋಟರಿಗೆ ಹಿಡಿಯೋದನ್ನ ಮನೆಗೂ ಹಿಡಿಸಿ. ಮೇನ್ ಆಫ್ ಮಾಡಿ, ಎಲ್‌ಇಡಿ ಬಲ್ಬು, ಟಿವಿ, ಫ್ರಿಜ್ ಎಲ್ಲ ಬಿಚ್ಚಿಟ್ಟು, 500 ವೋಲ್ಟ್‌ನಲ್ಲಿ ನೋಡಬೇಕು. ಒಂದು ಮೆಗಓಮ್‌ಗಿಂತ ಕಡಿಮೆ ಬಂದ್ರೆ ಆ ಲೈನು ಬದಲಾಯಿಸಬೇಕು. 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದ ಮನೆಗೆ ಅದನ್ನೂ ಹಾಕಿಸಿ. ಮೆಗ್ಗರ್ ಹಿಡಿಸೋದಾದ್ರೆ ಬೇಸಿಗೆಯಲ್ಲಿ ಬೇಡ, ಜೋರು ಮಳೆ ನಿಂತ ಮಾರನೇ ದಿನ ಕರೆಸಿ. ಗೋಡೆ ನೆಂದಿರುವಾಗಲೇ ಸೋರಿಕೆ ಸಿಕ್ಕಿಬೀಳೋದು.