ಶಿವನಸಮುದ್ರದ ವಿದ್ಯುತ್ತೂ ಹಳೆಯ ಪ್ರಿಂಟರುಗಳೂ

ಕಾವೇರೀನದಿಯು ಶಿವನಸಮುದ್ರದ ಬಳಿ ಕವಲೊಡೆದು, ಗಗನಚುಕ್ಕಿ ಭರಚುಕ್ಕಿಗಳೆಂಬ ಹೆಸರುಗಳಿಂದ ಧುಮುಕುವ ದೃಶ್ಯವನ್ನು ಕಾಣದವರು ಮಳವಳ್ಳಿ ಸೀಮೆಯಲ್ಲಿ ವಿರಳ. ಆ ನೀರಿನ ಬಲದಿಂದ 1902ನೆಯ ಇಸವಿ ಜೂನ್ 30ರಂದು ವಿದ್ಯುತ್ತು ಹೊರಟು, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ ವೃತ್ತಾಂತವೂ ಬಹುಜನರಿಗೆ ತಿಳಿದುದೇ. ಎಂಜಿನಿಯರ್ ಜೋಲಿ ದ ಲೊಟ್ಬಿನಿಯೇರ್ ಅವರ ಯೋಜನೆಗೆ ಬೆಂಬಲವಾಗಿ ನಿಂತ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದರ ಫಲವನ್ನು ಕಣ್ಣಾರೆ ಕಾಣಲಿಲ್ಲ. 1901ರಲ್ಲಿಯೇ ಅವರು ದಿವಂಗತರಾದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದುದೂ ಇಲ್ಲಿಂದಲೇ. ಇವೆಲ್ಲವೂ ಪ್ರಸಿದ್ಧ ಸಂಗತಿಗಳು. ಆದರೆ ಆ ವಿದ್ಯುತ್ತಿನ ಒಂದು ಲಕ್ಷಣವನ್ನು ಕುರಿತು ಮಾತನಾಡುವವರು ಕಡಮೆ. ಅದು ಅದರ ಆವರ್ತನೆ.

ಪ್ರವಾಹವು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹಿಂದುಮುಂದಾಗಿ ತನ್ನ ಸುತ್ತನ್ನು ಪೂರೈಸುವುದೋ ಆ ಸಂಖ್ಯೆಗೆ ಆವರ್ತನೆ ಎಂದು ಹೆಸರು. ಶಿವನಸಮುದ್ರದಲ್ಲಿ ಅದು ಆರಂಭದಲ್ಲಿ 25 ಆಗಿತ್ತು. 1895ರಲ್ಲಿ ಅಮೆರಿಕದ ನಯಾಗರಾದಲ್ಲಿ ಹೂಡಿದ ಯಂತ್ರಗಳಿಗೂ ಅದೇ ಅಂಕ. ನಿಧಾನವಾಗಿ ತಿರುಗುವ ಭಾರಿ ಯಂತ್ರಗಳಿಗೆ ಅದು ಅನುಕೂಲವೆಂದು ಅಂದಿನ ಎಂಜಿನಿಯರುಗಳು ಎಣಿಸಿದ್ದರು. ಗಣಿಗಳಿಗೆ ಬೇಕಾಗಿದ್ದುದೂ ಅಂತಹ ಯಂತ್ರಗಳೇ. ಆದರೆ ದೀಪಗಳಿಗೆ ಅದು ಹಿತವಲ್ಲ. 25ರಲ್ಲಿ ಬೆಳಕು ಕಣ್ಣಿಗೆ ಗೋಚರವಾಗುವಂತೆ ನಡುಗುವುದು. ಕಾಲಕ್ರಮದಲ್ಲಿ ಲೋಕದ ಬಹುಭಾಗವು 50 ಅಥವಾ 60ನ್ನು ಅಂಗೀಕರಿಸಿತು. 1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸ ಮಾಡಲಾರಂಭಿಸಿದಾಗ ಅದರ ಆವರ್ತನೆ 50. ಇಂದು ದೇಶದ ಜಾಲದಲ್ಲೆಲ್ಲ ಹರಿಯುವುದು ಅದೇ.

ಈ ಬದಲಾವಣೆಯಿಂದ ಯಾರಿಗೆ ಏನಾಯಿತೆಂಬುದನ್ನು ಯಂತ್ರಗಳ ಸ್ವಭಾವದಿಂದಲೇ ತಿಳಿಯಬಹುದು. ಬಲ್ಬಿಗೂ ಕಾಯಿಸುವ ಒಲೆಗೂ 25 ಆದರೇನು, 50 ಆದರೇನು! ಅವು ಕೇಳುವುದು ವಿದ್ಯುತ್ತಿನ ಒತ್ತಡವನ್ನೇ ಹೊರತು ಅದರ ತಾಳವನ್ನಲ್ಲ. ಮೋಟಾರಿನ ಸ್ಥಿತಿ ಹಾಗಲ್ಲ. ನಾಲ್ಕು ಧ್ರುವಗಳ ಮೋಟಾರು 25ರ ಆವರ್ತನೆಯಲ್ಲಿ ನಿಮಿಷಕ್ಕೆ 750 ಸುತ್ತುಗಳಿಗೆ ಸಮೀಪವಾಗಿ ತಿರುಗಿದರೆ, 50ರಲ್ಲಿ 1500ಕ್ಕೆ ಏರಲೆಳಸುವುದು. ಅದಕ್ಕೆ ಹೊಂದಿಸಿದ ಪಟ್ಟಿ, ಚಕ್ರ, ಬೀಸುವ ಕಲ್ಲುಗಳೆಲ್ಲ ಅಸ್ತವ್ಯಸ್ತವಾಗುವುವು. ಮೋಟಾರಿನಲ್ಲಿ ದೋಷವೇನೂ ಇಲ್ಲ. ನಿನ್ನೆಯವರೆಗೆ ದುಡಿದ ಯಂತ್ರವು ಇಂದು ನಿಂತುದಕ್ಕೆ ಕಾರಣ ಅದರ ಹೊರಗೆ ಇರುವುದು. ಇಂತಹ ಎಡೆಗಳಲ್ಲಿ ಎರಡು ಆವರ್ತನೆಗಳ ನಡುವೆ ಆವರ್ತನ ಪರಿವರ್ತಕವನ್ನು ನಿಲ್ಲಿಸುವರು. ಒಂದೇ ಅಚ್ಚಿನ ಒಂದು ತುದಿಯಲ್ಲಿ ಮೋಟಾರು, ಮತ್ತೊಂದು ತುದಿಯಲ್ಲಿ ಉತ್ಪಾದಕಯಂತ್ರ. ಒಂದು ಹೊಸತನ್ನು ಉಣ್ಣುವುದು, ಇನ್ನೊಂದು ಹಳೆಯದನ್ನು ಬಡಿಸುವುದು. ಅದು ದುಭಾಷಿಯ ಕೆಲಸ.

ಈ ಹಳೆಯ ಕಥೆಯು ಇಂದು ಶಾಲೆಗಳ, ಕಚೇರಿಗಳ, ಜೆರಾಕ್ಸ್ ಅಂಗಡಿಗಳ ಮೇಜಿನ ಮೇಲೆ ಮತ್ತೆ ನಡೆಯುತ್ತಿದೆ. ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಇರುವ ದುಭಾಷಿಯೇ ಡ್ರೈವರು ಎಂಬ ತಂತ್ರಾಂಶ. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯು ಬದಲಾದಾಗ ದುಭಾಷಿಯೂ ಬದಲಾಗಬೇಕು. ತಯಾರಕನು ಹೊಸ ದುಭಾಷಿಯನ್ನು ಕೊಡದೆ ಹೋದರೆ, ಕಾಗದವೂ ಮಸಿಯೂ ಸರಿಯಾಗಿರುವ ಪ್ರಿಂಟರು ಮೂಕವಾಗುವುದು. ವಿಂಡೋಸ್ ವ್ಯವಸ್ಥೆಯ ಒಡೆಯರಾದ ಮೈಕ್ರೋಸಾಫ್ಟ್ ಸಂಸ್ಥೆಯವರು 2023ರ ಸೆಪ್ಟೆಂಬರಿನಲ್ಲಿ, ತಯಾರಕರು ಒದಗಿಸುವ ಡ್ರೈವರುಗಳಿಗೆ ತಾವು ಕೊಡುತ್ತಿದ್ದ ಸೇವೆಯನ್ನು ಹಂತಹಂತವಾಗಿ ಮುಗಿಸುವುದಾಗಿ ಸಾರಿದರು. ಆ ಯೋಜನೆಯಂತೆ 2027ರ ಜುಲೈ ತಿಂಗಳಿಂದ, ಭದ್ರತೆಯ ತಿದ್ದುಪಡಿಗಳ ಹೊರತು ಬೇರೆ ಪರಿಷ್ಕಾರಗಳು ಅವರ ಮೂಲಕ ಹಂಚಲ್ಪಡುವುದಿಲ್ಲ. ಇದರಿಂದ ಹಳೆಯ ಪ್ರಿಂಟರುಗಳೆಲ್ಲ ಆ ದಿನವೇ ನಿಲ್ಲುವುವೆಂದು ಗಾಬರಿಪಡಬೇಕಾಗಿಲ್ಲ. ಈಗಾಗಲೇ ನೆಲೆಗೊಂಡ ಡ್ರೈವರು ನಡೆಯುತ್ತಿರುವುದು. ಮುಂದೆ ಕಂಪ್ಯೂಟರು ಬದಲಾದಾಗಲೇ ಕಷ್ಟ ತಲೆದೋರುವುದು.

ಈ ತೀರ್ಮಾನಕ್ಕೆ ಕಾರಣವಿಲ್ಲವೆನ್ನಲಾಗದು. ಡ್ರೈವರಿಗೆ ಕಂಪ್ಯೂಟರಿನ ಅಂತಃಪುರದವರೆಗೆ ಪ್ರವೇಶವುಂಟು. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂದು ಕರೆಯಲ್ಪಟ್ಟ ದೋಷವು ಬಯಲಾದಾಗ, ಮುದ್ರಣದ ಬಾಗಿಲಿನಿಂದ ಕಳ್ಳರು ಒಳನುಗ್ಗಬಹುದೆಂಬುದು ಸ್ಪಷ್ಟವಾಯಿತು. ಆದ್ದರಿಂದ ಒಂದೊಂದು ಪ್ರಿಂಟರಿಗೆ ಒಬ್ಬೊಬ್ಬ ದುಭಾಷಿಯ ಬದಲು, ಎಲ್ಲ ಪ್ರಿಂಟರುಗಳೂ ಅರಿತ ಒಂದೇ ಸಾಮಾನ್ಯ ಭಾಷೆಯಿರಲಿ ಎಂಬುದು ಹೊಸ ನೀತಿ. 1999ರಲ್ಲಿ ರೂಪುಗೊಂಡ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್ ಆ ಭಾಷೆಗೆ ತಳಹದಿ.

ಇಲ್ಲಿಯೂ ಬಲ್ಬು ಮೋಟಾರುಗಳ ಭೇದವು ಕಾಣುವುದು. 1984ರಿಂದೀಚೆಗೆ ಬಂದ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಎಂಬ ಭಾಷೆಗಳನ್ನು ತಾನೇ ಬಲ್ಲ ಪ್ರಿಂಟರು ಬಲ್ಬಿನಂತೆ; ಎಂತಹ ಕಂಪ್ಯೂಟರಿನೊಡನೆಯೂ ಬಹುಕಾಲ ಬಾಳುವುದು. ಬೆಲೆಯನ್ನು ತಗ್ಗಿಸಲೆಂದು ಬುದ್ಧಿಯನ್ನೆಲ್ಲ ಕಂಪ್ಯೂಟರಿಗೆ ಬಿಟ್ಟುಕೊಟ್ಟ ಪ್ರಿಂಟರು ಮೋಟಾರಿನಂತೆ. ಎಚ್‌ಪಿ ಲೇಸರ್‌ಜೆಟ್ 1020 ಇದಕ್ಕೆ ದೃಷ್ಟಾಂತ. ಗುಂಡಿ ಒತ್ತಿ ಎಬ್ಬಿಸಿದ ಪ್ರತಿಸಲವೂ ತನ್ನ ಆಂತರಿಕ ಆದೇಶಗಳನ್ನು ಅದು ಕಂಪ್ಯೂಟರಿನಿಂದಲೇ ಪಡೆಯಬೇಕು. ಡ್ರೈವರು ಇಲ್ಲವಾದರೆ ಅದು ಬರಿಯ ಪೆಟ್ಟಿಗೆ. ಆದರೂ ಲಿನಕ್ಸ್ ವ್ಯವಸ್ಥೆಯಲ್ಲಿ ಸ್ವಯಂಸೇವಕರು ಬರೆದಿಟ್ಟ ಡ್ರೈವರಿನಿಂದ ಅದೇ ಪ್ರಿಂಟರನ್ನು ದುಡಿಸಬಹುದು. ಆವರ್ತನ ಪರಿವರ್ತಕವು ಮಾಡುವ ಕೆಲಸವೇ ಇದು.

ಪಾಣಿನಿಯು ತನ್ನ ಕಾಲದ ಶಿಷ್ಟರ ಭಾಷೆಗೆ ಸೂತ್ರಗಳನ್ನು ರಚಿಸಿದನು. ಅಷ್ಟರಲ್ಲಿ ಎಷ್ಟೋ ವೇದಪ್ರಯೋಗಗಳು ಲೋಕವ್ಯವಹಾರದಿಂದ ಸರಿದುಹೋಗಿದ್ದುವು. ಆತನು ಅವನ್ನು ತಪ್ಪೆಂದು ತಳ್ಳಲಿಲ್ಲ. ‘ಛಂದಸಿ’ ಎಂಬ ಗುರುತಿನಿಂದ ಬೇರೆಯಾಗಿ ವಿಧಿಸಿ ಉಳಿಸಿದನು. ಹೊಸ ವ್ಯವಸ್ಥೆಯು ಬಂದುದರಿಂದ ಹಳೆಯದು ಅರ್ಥವಾಗದೆ ಹೋಗಲಿಲ್ಲ. ನಿಯಮವನ್ನು ಬದಲಿಸುವ ಅಧಿಕಾರವುಳ್ಳವನಿಗೆ ಈ ಹೊಣೆಯೂ ಉಂಟು. ಹಳೆಯದರ ಸೇವೆಯನ್ನು ಮುಗಿಸುವವನು ಅದರ ಒಳಗುಟ್ಟನ್ನಾದರೂ ಲೋಕಕ್ಕೆ ತಿಳಿಸಿ ಹೋದರೆ, ಅದನ್ನು ದುಡಿಸಬಲ್ಲವರು ಹುಟ್ಟಿಯೇ ಹುಟ್ಟುವರು. ಅದನ್ನೂ ಮುಚ್ಚಿಟ್ಟರೆ, ಹಣ ತೆತ್ತು ಕೊಂಡ ಬಡಶಾಲೆಯ ಪಾಲಿಗೆ ಉಳಿಯುವುದು ಕಸ ಮಾತ್ರ.

ಕೊಳ್ಳುವವರಿಗೂ ಇದರಲ್ಲಿ ಪಾಠವುಂಟು. ಪ್ರಿಂಟರಿನ ಬೆಲೆಯನ್ನೂ ಮಸಿಯ ಖರ್ಚನ್ನೂ ವಿಚಾರಿಸುವಂತೆಯೇ, ಅದು ಸಾಮಾನ್ಯ ಭಾಷೆಯನ್ನು ಬಲ್ಲದೋ ಇಲ್ಲವೋ ಎಂಬುದನ್ನೂ ವಿಚಾರಿಸತಕ್ಕದ್ದು. ಶಿವನಸಮುದ್ರದ ನೀರು ಅಂದಿನಂತೆ ಇಂದೂ ಧುಮುಕುತ್ತಿದೆ. ಬದಲಾದುದು ಅದರಿಂದ ಹುಟ್ಟುವ ವಿದ್ಯುತ್ತಿನ ತಾಳವೊಂದೇ. ಆ ತಾಳವನ್ನು ನಂಬಿದ ಯಂತ್ರಗಳಿಗೆ ಅಷ್ಟು ಮಾತ್ರದ ಬದಲಾವಣೆಯೇ ಸಾಕಾಯಿತು.